ನಾಲ್ಕು ಮೀಟರಿನ ಒಳಗೆ

ಕೌಲ್‌ಬಜಾರಿನ ನಮ್ಮ ಅಂಗಡಿಯಲ್ಲಿ
ಕಾರುಗಳು ಮೊಳೆಗೆ ತೂಗುತ್ತವೆ,
ಕಂದು ಕಾಗದದ ಫರ್ಮಾಗಳಾಗಿ:
ಬೆನ್ನು, ಕೂರುವ ಜಾಗ, ತಲೆದಿಂಬು.
ಗಾಳಿ ಬಂದರೆ ಒಂದಕ್ಕೊಂದು ತಾಗುತ್ತವೆ,
ಅಪಘಾತವೇನೂ ಆಗುವುದಿಲ್ಲ.

ಬಿಲ್ಲು ಬರೆಯುವವಳು ನಾನು.
ಹೊಸ ಪುಸ್ತಕದಲ್ಲಿ ಒಂದು ಕಾಲಂ ಹೆಚ್ಚಿಗೆ ಅಚ್ಚಾಗಿದೆ:
ಗಾಡಿಯ ವರ್ಗ.
ಏನು ಬರೆಯಲಿ ಶೇಕ್ಷಾವಲಿ ಮಾಮಾ, ಅಂದರೆ
"ಬಟ್ಟಿ ಎಷ್ಟ್ ಹಿಡಿತೈತಿ, ಅಷ್ಟ ಬರಿಯವ್ವ."

ರೆಕ್ಸಿನ್ ಕಂಪನಿಯ ಹುಡುಗ ಬಿಟ್ಟುಹೋದ ಪುಸ್ತಕ ಓದಿದ್ದೇನೆ.
ಒಂದೇ ಕಾರಿಗೆ
ಹಡಗು ಇಳಿದಲ್ಲೆಲ್ಲ ಬೇರೆ ನಾಮಕರಣ.
ಯುರೋಪಿನವರು ಶಾಲೆಯ ಹಾಜರಿಯಂತೆ
ಎ ಅಂದರು, ಬಿ ಅಂದರು.
ಇಂಗ್ಲೆಂಡಿನಲ್ಲಿ ಸೂಪರ್‌ಮಿನಿ,
ನಮ್ಮ ಓಣಿಯ ದೊಡ್ಡ ಸಣ್ಣೆಪ್ಪನ ಹಾಗೆ;
ಹೊಗಳಿಕೆಯೋ ಗೇಲಿಯೋ ತಿಳಿಯದು.
ಅಮೆರಿಕದಲ್ಲಿ ಸಬ್‌ಕಾಂಪ್ಯಾಕ್ಟ್:
ಚಿಕ್ಕದಕ್ಕೂ ಕೆಳಗೊಂದು ಮೆಟ್ಟಿಲು ಕಡಿದು
ಅಲ್ಲಿ ಕೂರಿಸಿದ್ದಾರೆ.
ಇನ್ನೂ ಪುಟ್ಟದಕ್ಕೆ ಜಪಾನಿನಲ್ಲಿ ಕೇಯಿ, ಹಗುರ ಅಂತ ಅರ್ಥವಂತೆ,
ಅರಿಶಿನ ಬಣ್ಣದ ನಂಬರ್ ಪ್ಲೇಟು.
ಅಲ್ಲಿ ಅದು ಮನೆಮಂದಿಯ ಗಾಡಿ;
ಇಲ್ಲಿ ಹಳದಿ ಕಂಡರೆ ಕೈ ಅಡ್ಡ ಹಿಡಿದು
"ಹೊಸಪೇಟಿಗೆ ಬರ್ತೀಯೇನು" ಅನ್ನುತ್ತೇವೆ.

ನಮ್ಮ ದೇಶದ್ದು ಅಳತೆಪಟ್ಟಿಯ ಧರ್ಮ.
ನಾಲ್ಕು ಮೀಟರಿಗೆ ಕೂದಲೆಳೆ ಕಮ್ಮಿ ಇದ್ದರೂ ಸಣ್ಣದು.
ಅದಕ್ಕೇ ಎಷ್ಟೋ ಡಿಕ್ಕಿಗಳ ಬಾಲ ಮೊಂಡು,
ಗಿಡ್ಡ ಬಾಗಿಲಿಗೆ ಉಸಿರು ಬಿಗಿಹಿಡಿದು ಬಗ್ಗಿದಂತೆ.

ಮಾಮಾನಿಗೆ ಇದು ಹೊಸದಲ್ಲ.
ಹದಿನೆಂಟು ವರ್ಷ ಜೀನ್ಸ್ ಹೊಲಿದ ಕೈ.
ಒಂದು ಗಂಟಿಗೆ ಮೂವತ್ನಾಲ್ಕರ ಚೀಟಿ,
ಇನ್ನೊಂದು ಊರಿಗೆ ಹೊರಟರೆ ಅದಕ್ಕೇ ಮೂವತ್ತೆರಡು.
"ಗಿರಾಕಿ ಖುಷಿ ಆಗ್ಬೇಕಲ್ಲ.
ಸೊಂಟ ಅದ ಐತಿ, ಚೀಟಿ ಅಷ್ಟ ಬ್ಯಾರೆ."

ಅವನ ವರ್ಗಗಳು ಯಾವ ಪುಸ್ತಕದಲ್ಲೂ ಇಲ್ಲ.
ಸೀಟು ಕಿತ್ತಾಗ ಭತ್ತದ ಹೊಟ್ಟು ಉದುರಿದರೆ ಸಿರುಗುಪ್ಪದ್ದು,
ಕೆಂಪು ಧೂಳು ಎದ್ದರೆ ಸಂಡೂರಿನದು.
ಸ್ಪಂಜು ಒಂಬತ್ತು ಕಡೆ ತಗ್ಗಿದ್ದರೆ
ಐದು ಜನರ ಗಾಡಿ.

ನಿನ್ನೆ ಮಧ್ಯಾಹ್ನ ಕುರುಗೋಡಿನಿಂದ ಹುಲಿಗೆಮ್ಮ ಟೀಚರು ಬಂದರು,
ಯಾರೋ ಓಡಿಸಿಬಿಟ್ಟ ಬಿಳಿ ಕಾರು,
ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಮೇಲೆ ಕೂತಿದ್ದರು.
ಹೊರಗಿನಿಂದ ಕಂಡದ್ದು ಹಣೆ, ಕುಂಕುಮ,
ಸ್ಟೇರಿಂಗ್ ಹಿಡಿದ ಬೆರಳು.
"ಕಾರು ಭಾಳ ದೊಡ್ಡದಾತ್ರಿ" ಅಂದರು.
ಮಾಮಾ ಸೂಜಿಯನ್ನು ತುಟಿಯಲ್ಲೇ ಕಚ್ಚಿಕೊಂಡು ನಿಂತ.
ಆ ಕಾರಿಗೆ ಈತನಕ ಯಾರೂ ಆ ಮಾತು ಅಂದಿರಲಿಲ್ಲ.

ಟೇಪು ಹಿಡಿದ. ಸೀಟು ಅಳೆಯಲಿಲ್ಲ.
ಮೊಳಕಾಲಿನಿಂದ ಹಿಮ್ಮಡಿವರೆಗೆ
ಟೀಚರನ್ನೇ ನನ್ನ ಕೈಲಿ ಅಳೆಸಿದ.
ಕೆಳಗೆ ಮೂರೂವರೆ ಇಂಚು ಸ್ಪಂಜು, ಬೆನ್ನಿಗೆ ಎರಡು.
ಸಂಜೆ ಅವರು ಕೂತು, ಕ್ಲಚ್ಚು ತುಳಿದು,
ಗಾಜಿನಾಚೆ ಬಾನೆಟ್ಟಿನ ತುದಿಯನ್ನು
ಮೊದಲ ಸಲ ನೋಡಿದರು.
"ಅಯ್ಯ! ಇಷ್ಟ ಐತೇನ್ರಿ ಇದು?"

ಹೊಸ ಫರ್ಮಾದ ಮೇಲೆ ಸೀಮೆಸುಣ್ಣದಲ್ಲಿ
"ಹು" ಅಂತ ಒಂದೇ ಅಕ್ಷರ ಬರೆದು
ಮಾಮಾ ಮೊಳೆಗೆ ಸಿಕ್ಕಿಸಿದ್ದಾನೆ.
ಕಾಲಮ್ಮಿನಲ್ಲಿ ನಾನೂ ಅದನ್ನೇ ಬರೆದೆ.
ಇವತ್ತು ಬೆಳಿಗ್ಗೆ, ಇನ್ನೂ ಷಟರ್ ಅರ್ಧ ಏರಿತ್ತು,
ಮೋಕಾದ ನರ್ಸಮ್ಮ ಒಬ್ಬಳು ಬಗ್ಗಿ ಕೇಳಿದಳು:
"ಟೀಚರಿಗೆ ಹಾಕಿದ್ದು ನಮ್ಮದಕ್ಕೂ ಕೂಡತೈತೇನ್ರಿ?"