ಉಪ್ಪುನೀರು

ಸೀಸೆ ಹಳೆಯದು, ನೀಲಿ.
ಮೇಲಿನ ಚೀಟಿಯಲ್ಲಿ ಇನ್ನೂ ನಗುತ್ತಾಳೆ
ಕಂಪನಿಯ ಹೆಂಗಸು, ಅರ್ಧ ಮುಖ ಮಾಸಿ.
ಒಳಗಿನ ನೀರು ಮಾತ್ರ ನಮ್ಮದು:
ಒಂದು ಪಾಲು ವಿನೆಗರ್, ಎರಡು ಪಾಲು ನಲ್ಲಿನೀರು,
ಹದಿನೈದು ದಿನ ನೆನೆದ ನಿಂಬೆಸಿಪ್ಪೆ.
ಅಳತೆಗೆ ಅತ್ತೆಯ ಸೋರೆಬುರುಡೆ,
ಬಿರುಕು ಬಿಟ್ಟ ಮೇಲೆ
ಮಾಟೆ ಚಹಾ ಕುಡಿಯಲು ಬಾರದೆ ಉಳಿದದ್ದು.

ರೊಸಾರಿಯೊದಲ್ಲಿ ಆ ವರ್ಷ
ಅಂಗಡಿಯ ಫೌಸ್ತೊ ಬೆಲೆಗಳನ್ನು
ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದ.
ಬೆಳಿಗ್ಗೆ ಒಂದು, ಸಂಜೆಗೆ ಇನ್ನೊಂದು;
ಗಲ್ಲಾಪೆಟ್ಟಿಗೆಯ ಮೇಲೆಲ್ಲ ರಬ್ಬರಿನ ಪುಡಿ.
ನೆಲ ಒರೆಸುವ ದ್ರಾವಣದ ದುಡ್ಡಿಗೆ
ಎರಡು ಕಿಲೊ ಆಲೂಗಡ್ಡೆ ಬರುತ್ತಿತ್ತು.
ಅತ್ತೆ ಎಡೆಲ್ಮಿರಾ ಒಂದೊಂದು ಕೈಯಲ್ಲಿ ಒಂದೊಂದನ್ನು ತೂಗಿ
ಆಲೂಗಡ್ಡೆಯ ಕಡೆಗೆ ವಾಲಿದಳು.
"ಕೊಳೆಗೆ ಕಂಪನಿಯ ಹೆಸರು ಓದಲು ಬರುತ್ತದಾ?"

ಮೂವತ್ತು ವರ್ಷ ಹೋಟೆಲಿನ ಚಾದರ ಒಗೆದ ಕೈ.
ಬ್ಲೀಚನ್ನು ಮಾತ್ರ ಬೇರೆ ಗೂಡಿನಲ್ಲಿಡುತ್ತಿದ್ದಳು,
ಬೀಗ ಹಾಕಿ, ಕೀಲಿ ಸೊಂಟಕ್ಕೆ ಸಿಕ್ಕಿಸಿ.
ವಿನೆಗರ್ ಅದರ ಮುಖ ನೋಡಕೂಡದು.
ಅವೆರಡೂ ಸೇರಿದ ಕೋಣೆಯಲ್ಲಿ
ಒಮ್ಮೆ ಉಸಿರು ಕಟ್ಟಿ ಬಿದ್ದಿದ್ದಳಂತೆ.
ಆ ಕೆಮ್ಮು ಇನ್ನೂ ಇವಳ ಮಾತಿನ ನಡುವೆ
ಅರ್ಧವಿರಾಮದ ಹಾಗೆ ಬರುತ್ತದೆ.

ನಾನು ಹೊಸ ಸೊಸೆ. ಜಾಣತನ ತೋರಿಸಬೇಕಿತ್ತು.
ವಿನೆಗರ್ ಒಳ್ಳೆಯದು, ಅಡುಗೆ ಸೋಡಾ ಒಳ್ಳೆಯದು,
ಸೇರಿದರೆ ಇನ್ನೆಷ್ಟು ಒಳ್ಳೆಯದಿರಬೇಡ!
ಸುರಿದೆ. ನೊರೆಯೋ ನೊರೆ.
ಪೋಲಾಗದಿರಲೆಂದು ಮುಚ್ಚಳ ಬಿಗಿಯಾಗಿ ತಿರುಪಿ
ಈರುಳ್ಳಿ ಬುಟ್ಟಿಯ ಪಕ್ಕ ಕಪಾಟಿನಲ್ಲಿಟ್ಟೆ.

ದೀಪ ಆರಿಸಿದ್ದೆವಷ್ಟೆ.
ಢಂ!
ಲಿಸಾಂದ್ರೊ ಎದ್ದು ಓಡಿದ, ಒಂದು ಬೂಟು ಕಾಲಿಗೆ,
ಇನ್ನೊಂದು ಕೈಗೆ, ಕಳ್ಳನ ತಲೆಗೆಂದು.
ಕಪಾಟಿನ ಬಾಗಿಲು ಹಾರುಹೊಡೆದಿತ್ತು.
ಈರುಳ್ಳಿಗಳು ಮಿಂದು ಹೊಳೆಯುತ್ತಿದ್ದವು.
ಮೇಲಿನ ಮಹಡಿಯ ಮುದುಕ
ಕೋಲಿನಿಂದ ನೆಲ ಕುಟ್ಟಿ ಕೂಗಿದ:
"ಏನು, ಸರ್ಕಾರ ಬಿತ್ತಾ?"

ಅತ್ತೆ ಬಂದಳು, ಬರಿಗಾಲಲ್ಲಿ, ಬೈಗುಳ ಸಿದ್ಧಮಾಡಿಕೊಂಡೇ.
ಬಾಗಿ, ಬೆರಳದ್ದಿ, ನಾಲಿಗೆಗೆ ಮುಟ್ಟಿಸಿಕೊಂಡಳು.
"ಉಪ್ಪುನೀರು," ಎಂದಳು.
"ಇಬ್ಬರನ್ನೂ ಒಂದೇ ಸೀಸೆಗೆ ಕರೆದರೆ
ಕೂಗಾಡಿ ಕೂಗಾಡಿ ಇಬ್ಬರೂ ಖಾಲಿ.
ಮೊದಲು ಸೋಡಾ ಹಾಕಿ ಉಜ್ಜು, ತೊಳೆ.
ಅದು ಹೋದ ಮೇಲೆ ಇದನ್ನು ಕರಿ."
ಒಂದೇ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು ಆಗ.
ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಆಮೇಲೆ ಅವಳು ನೆಲದ ಮೇಲೆ ಕೂತುಬಿಟ್ಟಳು.
ನನಗೊಂದು ಚಿಂದಿ ಕೊಟ್ಟು, ತಾನೊಂದು ಹಿಡಿದು
ಯಾರಿಗೂ ಹೇಳಿರದದ್ದನ್ನು ಹೇಳಿದಳು:
ಹತ್ತೊಂಬತ್ತರ ವಯಸ್ಸು, ವಕೀಲರ ಮನೆ,
ಬಿಳಿ ಅಮೃತಶಿಲೆಯ ಮೇಜು.
ಇನ್ನೂ ಹೊಳೆಯಲೆಂದು ವಿನೆಗರ್ ಸುರಿದು ಒರೆಸಿದ್ದಳು.
ಕಲ್ಲು ತಿಂದುಹೋಗಿ ಮಂಜು ಮುಸುಕಿದ ಹಾಗಾಯಿತು.
ಏಳು ತಿಂಗಳ ಸಂಬಳ ಆ ಮಂಜಿಗೆ ಹೋಯಿತು.
"ಕಲ್ಲಿಗೆ ಹುಳಿ ಆಗುವುದಿಲ್ಲವೆಂದು
ಯಾರಾದರೂ ಹೇಳಬಹುದಿತ್ತು."
ಕೆಮ್ಮಿದಳು. ನಕ್ಕಳು.
ಯಾವುದು ಮೊದಲೋ ನೆನಪಿಲ್ಲ.

ಈಗ ಭಾನುವಾರ ನಾವು ಗಾಜು ಒರೆಸುತ್ತೇವೆ,
ಅವಳು ಒಳಗಿನಿಂದ, ನಾನು ಹೊರಗಿನಿಂದ.
ಒರೆಸಲು ನಿನ್ನೆಯ ಪತ್ರಿಕೆ.
ಬೆಲೆಯೇರಿಕೆಯ ಪುಟವೇ ಚೆನ್ನಾಗಿ ಒರೆಸುತ್ತದೆ
ಎಂಬುದು ಅವಳ ವಾದ; ಅದರಲ್ಲಿ ಶಾಯಿ ಹೆಚ್ಚಂತೆ.
"ಅಲ್ಲಿ, ಎಡಕ್ಕೆ," ಎಂದು ಬೆರಳು ತೋರಿಸುತ್ತಾಳೆ.
ಕೊಳೆ ನಿನ್ನ ಕಡೆಗಿದೆ ಅಂತ ನಾನು,
ನಿನ್ನ ಕಡೆಗೇ ಅಂತ ಅವಳು.

ಮಗ ಸಿರೋಗೆ ಐದು ವರ್ಷ.
ಯಾರೂ ಕುಡಿಯದಿರಲೆಂದು
ಸೀಸೆಗಳಿಗೆ ತಲೆಬುರುಡೆ ಬರೆಯುವ ಕೆಲಸ ಅವನದು.
ನೀಲಿ ಸೀಸೆಯ ಮೇಲೆ, ಕಂಪನಿ ಹೆಂಗಸಿನ ಪಕ್ಕದಲ್ಲೇ,
ಒಂದು ಬರೆದಿದ್ದಾನೆ.
ಭಯ ಬರುವ ಹಾಗೆ ಬರಿ ಎಂದಿದ್ದೆ.
ಅದಕ್ಕೆ ಕಿವಿಯೋಲೆ ಇದೆ.
ಅಜ್ಜಿಯದೇ, ಕೇಳಿದರೆ ಹೇಳುತ್ತಾನೆ.