ಖಾಲಿ ತೂಕ

ನಮ್ಮ ಬಾಯಲ್ಲಿ ಅದು ಉಸುಕು,
ಪರ್ಮಿಟ್ಟಿನಲ್ಲಿ ಮಾತ್ರ ಮರಳು.
ಮರಳು ಅಂದರೆ ತಿರುಗಿ ಬಾ ಅಂತಲೂ ಆಗುತ್ತದೆ.
ಬರೆದವರು ತಮಾಷೆಗೆ ಬರೆದಿರಲಿಕ್ಕಿಲ್ಲ.

ದಢೇಸುಗೂರು ದಾಟಿದ ಮೇಲೆ ಎಡಕ್ಕೆ
ನಮ್ಮ ಕಾಟಾ, ಅರವತ್ತು ಟನ್ನಿನದು.
ಸುಗ್ಗಿಯಲ್ಲಿ ಸೋನಾಮಸೂರಿ, ಉಳಿದ ದಿನ ಉಸುಕು.
ಹೊಳೆಗೆ ಇಳಿಯುವಾಗ ಖಾಲಿ ಗಾಡಿಯ ತೂಕ,
ಬರುವಾಗ ತುಂಬಿದ್ದು.
ಇದರಲ್ಲಿ ಅದನ್ನು ಕಳೆದರೆ ಹೊಳೆ.
ಹನ್ನೊಂದು ವರ್ಷದಿಂದ ಹೀಗೆ
ಹೊಳೆಯನ್ನು ಕಳೆಯುತ್ತ ಕೂತಿದ್ದೇನೆ.

ಹಸಿ ಉಸುಕು ದಾರಿಯುದ್ದಕ್ಕೂ ಸೋರುತ್ತದೆ.
ರಾಯಚೂರಿನ ಕಾಟಾದಲ್ಲಿ ಮುನ್ನೂರು ಕಿಲೋ ಕಮ್ಮಿ ಬಂದರೆ
ಚಾಂದಪಾಷಾ ಫೋನು ಹಚ್ಚಿ ಬೈಯುತ್ತಾನೆ:
"ನೀರು ನಾ ಕುಡದೀನೇನಲೇ ಯಂಕೋಬಾ?"
ಏನು ಹೇಳಲಿ. ಆ ನೀರು
ಮಾನ್ವಿ ರಸ್ತೆಯ ಮೇಲೆ ಒಂದು ಗೆರೆ ಎಳೆದು
ಬಿಸಿಲೇರುವ ಮುಂಚೆ ಆರಿಹೋಗಿರುತ್ತದೆ.

ಆ ಸಲ ಫೆಬ್ರವರಿಯಲ್ಲಿ ಒಬ್ಬ ಬಂದ,
ಜಿಗ್ನೇಶಭಾಯಿ ಅಂತ, ಮೆಹ್ಸಾಣದ ಕಡೆಯವನು,
ಏಳು ಹಿತ್ತಾಳೆ ಜರಡಿ ಒಂದರ ಮೇಲೊಂದು ಪೇರಿಸಿ
ಊಟದ ಕ್ಯಾರಿಯರ್ ಹಿಡಿದಂತೆ ಹಿಡಿದು.
ಕರೆಂಟು ಬೇಕು ಅಂದ. ಕಾಟಾ ರೂಮಿನ ಪ್ಲಗ್ಗು ಕೊಟ್ಟೆ.
ಹತ್ತು ನಿಮಿಷ ಜರಡಿ ನಡುಗಿತು,
ಟೇಬಲ್ಲಿನ ಮೇಲೆ ಚಹಾ ನಡುಗಿತು,
ಗೋಡೆಯ ಹುಲಿಗೆಮ್ಮನ ಕ್ಯಾಲೆಂಡರೂ.

ಗುತ್ತೇದಾರ ಸಂಗನಗೌಡರು ಹೊರಗೆ ಬುಲೆಟ್ಟಿಗೆ ಒರಗಿ
ಲೆಕ್ಕ ಹಾಕುತ್ತಿದ್ದರು: ಗಿಣಿಗೇರಿಯಿಂದ ರೇಕು,
ರೇಕಿಗೆ ಐವತ್ತೆಂಟು ವ್ಯಾಗನ್ನು, ವಾರಕ್ಕೊಂದು.
ತೊಳೆಯುವ ಮಷಿನ್ನಿಗೆ ಜಾಗವನ್ನೂ ನೋಡಿಟ್ಟಿದ್ದರು.
"ಮನಿ ಕಟ್ಟೋ ಉಸುಕಲ್ಲೋ ಇದು, ಎಣ್ಣಿ ತೆಗಿಯೋ ಉಸುಕು."
ಹಮಾಲಿ ದುರುಗಪ್ಪ ಬಾಯಿಗೆ ಟವೆಲ್ಲು ಒತ್ತಿಕೊಂಡ:
"ಉಸುಕು ಹಿಂಡಿ ಎಣ್ಣಿ ತೆಗೀತಾರೇನ್ರೀ ಗೌಡ್ರ?"

ಹಿಂಡುವುದಲ್ಲ, ತುರುಕುವುದು, ಅಂದ ಜಿಗ್ನೇಶಭಾಯಿ
ಅರ್ಧ ಹಿಂದಿ, ಅರ್ಧ ಕೈಯಲ್ಲಿ.
ಎರಡು ಮೈಲಿ ಆಳದಲ್ಲಿ ಕಲ್ಲಿಗೆ ನೀರು ನುಗ್ಗಿಸುತ್ತಾರೆ,
ಕಲ್ಲು ಬಿರಿಯುತ್ತದೆ,
ನೀರು ಹಿಂದೆ ಸರಿದರೆ ಬಿರುಕು ಬಾಯಿ ಮುಚ್ಚುತ್ತದೆ.
ಮುಚ್ಚದ ಹಾಗೆ ಸಂದಿಯಲ್ಲಿ ನಿಲ್ಲಬೇಕು ಉಸುಕು.
ಎಲ್ಲ ದುಂಡಗೆ, ಎಲ್ಲ ಒಂದೇ ಅಳತೆ,
ತಲೆಯ ಮೇಲೆ ಗುಡ್ಡ ಕೂತರೂ ಪುಡಿಯಾಗದೆ.

ಆಮೇಲೆ ಮಸೂರ ಕೊಟ್ಟ ನನ್ನ ಕೈಗೆ.
ಇಷ್ಟು ವರ್ಷ ತೂಗಿದ್ದನ್ನು ಅವತ್ತು ನೋಡಿದೆ.
ಒಂದೊಂದಕ್ಕೂ ಮೂಲೆ, ಒಂದೊಂದಕ್ಕೂ ಚೂಪು.
ಕೆಂಪು, ಹೊಗೆಬಣ್ಣ, ಗಾಜು, ಕಾಗೆಬಂಗಾರದ ಚೂರು,
ಸಂತೆ ಮುಗಿಸಿ ಕೊನೇ ಬಸ್ಸಿಗೆ ನುಗ್ಗುವವರ
ಮೊಣಕೈಗಳ ಹಾಗೆ.

ಸಣ್ಣ ಪ್ರೆಸ್ಸಿನಲ್ಲಿಟ್ಟು ತಿರುಗಿಸಿದ.
ಹಪ್ಪಳ ಮುರಿದ ಸದ್ದು.
"ಫೇಲ್," ಅಂದ. "ನಿಮ್ಮ ಉಸುಕು ಇನ್ನೂ ಹುಡುಗು.
ಇನ್ನೂ ಉರುಳಬೇಕಿತ್ತು."
ಎಷ್ಟು, ಕೇಳಿದೆ.
ಇಷ್ಟು ಲಕ್ಷ ವರ್ಷ ಅಂದನೋ, ಇಷ್ಟು ಸಾವಿರ ಮೈಲಿ ಅಂದನೋ,
ಟಿಪ್ಪರ್ ಹಾರ್ನು ಹೊಡೆಯಿತು, ಕೇಳಿಸಲಿಲ್ಲ.

ಗೌಡರ ಬುಲೆಟ್ಟು ಒಂದೇ ಕಿಕ್ಕಿಗೆ ಹತ್ತಲಿಲ್ಲ ಅವತ್ತು.

ಹೊಳೆ ಉಳಿಯಿತು ಅಂದುಕೊಳ್ಳಬೇಡಿ.
ಅದೇ ರಾತ್ರಿ ಹದಿನಾಲ್ಕು ಟಿಪ್ಪರು ಹೈದರಾಬಾದಿನ ಕಡೆ ಹೋದವು.
ಸಿಮೆಂಟಿಗೆ ಮೂಲೆಯೇ ಬೇಕಂತೆ, ಹಿಡಿದುಕೊಳ್ಳಲಿಕ್ಕೆ.

ಹೊರಡುವ ಮುಂಚೆ ಚಿಮಟದಲ್ಲಿ ಒಂದೇ ಒಂದು ಕಣ ಎತ್ತಿ
ನನ್ನ ಅಂಗೈಗಿಟ್ಟ: "ಯೇ ಪಾಸ್."
ಬೆಳ್ಳಗೆ, ದುಂಡಗೆ.
ಯಾವ ಕಾಲದ ಯಾವ ಹೊಳೆಯಲ್ಲಿ ಉರುಳಿ
ಕಲ್ಲಿನೊಳಗೆ ಸೇರಿ, ಮತ್ತೆ ಆ ಕಲ್ಲೂ ಒಡೆದು
ನಮ್ಮ ಹೊಳೆಗೆ ಬಿದ್ದಿತ್ತೋ.

ಅವನು ಹೋದ ಮೇಲೆ ಅದನ್ನು ಹಿಡಿದು ಕಾಟಾದ ನಡುವೆ ನಿಂತೆ.
ನಮ್ಮ ಕಾಟಾಕ್ಕೆ ಹತ್ತರ ಮಗ್ಗಿ ಮಾತ್ರ ಬರುತ್ತದೆ.
ಕೆಂಪು ಅಂಕಿ ಅರವತ್ತು ಅಂದಿತು.
ಕಣವನ್ನು ಕಿಟಕಿಯಲ್ಲಿಟ್ಟು ಬಂದು ನಿಂತೆ.
ಅರವತ್ತು.
ಚೀಟಿ ಹೊಡೆಯಲಿಲ್ಲ.

ಈಗ ಅದು ಸ್ಟೇಪ್ಲರ್ ಪಿನ್ನಿನ ಡಬ್ಬಿಯಲ್ಲಿದೆ,
ಇರಬೇಕು.
ತೆಗೆದು ನೋಡಿ ಬಹಳ ದಿನ ಆಯಿತು.