ಕಾಲಂ ಇಲ್ಲದ ಲೆಕ್ಕ

ಬೆಲರ್ಮೀನೊ ಗೇಟು ತೆಗೆಯುವುದಿಲ್ಲ.
ಅದರ ಮೇಲೆ ಮೊಣಕೈ ಊರಿ ನಿಲ್ಲುತ್ತಾನೆ,
ಬಾಳೆಯ ಕರೆ ಕಪ್ಪಗೆ ಕೂತ ಅದೇ ಅಂಗಿ.
"ನೋವಿಲ್ಲ, ಸುಸ್ತಿಲ್ಲ, ನಿನ್ನೆ ಅರವತ್ತು ಗೊನೆ ಹೊತ್ತಿದ್ದೇನೆ.
ಇಲ್ಲದ ಕಾಯಿಲೆಗೆ ಗುಳಿಗೆ ಯಾಕೆ, ದಲ್ವನೀರಾ?"

ಕಳೆದ ತಿಂಗಳೂ ಇದೇ ಮಾತು.
ಸೈಕಲ್ಲು ಬೇಲಿಗೊರಗಿಸಿ ಯಂತ್ರ ತೆಗೆಯುತ್ತೇನೆ.
ತೋಳಿಗೆ ಪಟ್ಟಿ ಸುತ್ತಲು ಗೇಟು ತೆಗೆಯಬೇಕಿಲ್ಲ,
ತೋಳಷ್ಟು ಈಚೆ ಬಂದರೆ ಸಾಕು.
ಮೇಲಿನದು ನೂರ ಅರವತ್ತೆರಡು.
ಕೆಳಗಿನದು ನೂರು.
ಸಕ್ಕರೆ ಬೇರೆ.
"ಯಂತ್ರ ಕೆಟ್ಟಿರಬೇಕು."
ಅವನ ನಾಯಿ ನನ್ನ ಹಿಂದಿನ ಚಕ್ರ ಮೂಸಿ
ಕಾಲೆತ್ತಿ ತನ್ನ ಅಭಿಪ್ರಾಯವನ್ನೂ ಸೇರಿಸುತ್ತದೆ.

ಅವನಣ್ಣ ಒಸೋರಿಯೊ ನನಗೆ ನೆನಪಿದ್ದಾನೆ.
ಮೊದಲು ಚಪ್ಪಲಿ ಬಿಗಿಯಾಯಿತು.
ಆಮೇಲೆ, ಬೆರಳೊತ್ತಿದರೆ ಕಣಕಾಲಲ್ಲಿ ಗುಳಿ,
ನಾದಿದ ಹಿಟ್ಟಿನಲ್ಲಿ ಬಿದ್ದ ಹಾಗೆ,
ತುಂಬಿಕೊಳ್ಳಲು ಹೊತ್ತು ಹಿಡಿಯುತ್ತಿತ್ತು.
ಕಡೆಯ ಚಳಿಗಾಲ ಅವನು ಮಲಗಲೇ ಇಲ್ಲ,
ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತೇ
ಬೆಳಗು ಮಾಡಿದ.
ರಿಬೇರಾ ನದಿ ಆ ಮನೆಯಿಂದ ಎರಡು ಮೈಲಿ.
ಆ ವರ್ಷ ಅದು ದಂಡೆ ಮೀರಲಿಲ್ಲ.
ನೆರೆ ಬಂದದ್ದು ಅವನೊಬ್ಬನ ಎದೆಯೊಳಗೆ.

ಇದನ್ನು ಬೆಲರ್ಮೀನೊನಿಗೆ ಹೇಳಬಾರದು.
ಆ ಕುರ್ಚಿಗೆ ದಿಂಬು ಕಟ್ಟಿದವನೇ ಅವನು.

ಹಾಗಾಗಿ ಹಾವಿನ ಕತೆ ತೆಗೆಯುತ್ತೇನೆ.
ಈ ಕಣಿವೆಯಲ್ಲಿ ಬಾಳೆ ಕಡಿಯುವವರಿಗೆಲ್ಲ ಜರರಾಕ ಗೊತ್ತು:
ತರಗೆಲೆಯ ಬಣ್ಣ, ತರಗೆಲೆಯ ಕೆಳಗೇ ಬಿಡಾರ.
ಇವನ ಎಡ ಹಿಮ್ಮಡಿಯ ಮೇಲೆ ಎರಡು ಚುಕ್ಕೆ,
ಹದಿನೇಳನೇ ವಯಸ್ಸಿನವು.
"ಕಚ್ಚಿದಾಗ ಏನನ್ನಿಸಿತು?"
"ಕಣ್ಣಿಗೆ ಕತ್ತಲೆ. ನೆಲವೇ ಎದ್ದು ಬಂತು.
ಮೈಯ ರಕ್ತವೆಲ್ಲ ಯಾರೋ ಕೆಳಗೆ ಬಸಿದ ಹಾಗೆ."
"ನೋಡು, ಆ ವಿಷ ಬಿಪಿ ಇಳಿಸುತ್ತದೆ.
ಹಿಂದೆ ಯಾರೋ ಅದನ್ನು ಸೀಸೆಗೆ ಹಿಂಡಿ
ಕೊಲ್ಲುವುದನ್ನು ಬಿಟ್ಟು
ಇಳಿಸುವ ಗುಟ್ಟೊಂದನ್ನೇ ಹೆಕ್ಕಿಕೊಂಡರು.
ಈ ಎನಲಾಪ್ರಿಲ್‌ಗೆ ಆ ಹಾವು ಮುತ್ತಜ್ಜಿಯಾಗಬೇಕು."

ಮೊದಲ ಸಲ ನಗುತ್ತಾನೆ, ಮುಂದಿನ ಎರಡು ಹಲ್ಲಿಲ್ಲ.
"ಹಾಗಾದರೆ ನನ್ನ ಡೋಸು ಆಗಲೇ ಮುಗಿದಿದೆಯಲ್ಲ!"
ನಗುತ್ತಲೇ ಕೈ ಚಾಚುತ್ತಾನೆ.
ಗುಳಿಗೆಯ ಪಟ್ಟಿ ಅಂಗಿಯ ಜೇಬಿಗೆ, ಸಿಗರೇಟಿನ ಪಕ್ಕಕ್ಕೆ.
ಸಿಗರೇಟಿನ ಮಾತು ಇವತ್ತು ಬೇಡ.

ಮೂರು ವಾರಕ್ಕೆ ಒಣ ಕೆಮ್ಮು.
"ನಿನ್ನ ಮುತ್ತಜ್ಜಿ ಗಂಟಲಲ್ಲಿ ಕೂತು ಬುಸುಗುಡುತ್ತಾಳೆ."
ವೈದ್ಯೆ ಲೋಸಾರ್ಟಾನ್‌ಗೆ ಬದಲಿಸಿದರು.
ಇದಕ್ಕೂ ಹಾವಿಗೂ ನಂಟಿಲ್ಲ.
ಅದನ್ನು ನಾನು ಅವನಿಗೆ ಹೇಳಲಿಲ್ಲ.

ನನ್ನ ಪುಸ್ತಕದಲ್ಲಿ ಹುಟ್ಟಿಗೆ ಕಾಲಂ ಇದೆ,
ಸಾವಿಗೆ ಇದೆ, ಆಸ್ಪತ್ರೆ ಸೇರಿದ್ದಕ್ಕೆ,
ನಾಯಿ ಕಚ್ಚಿದ್ದಕ್ಕೂ ಇದೆ.
ಆಗದೇ ಹೋದದ್ದಕ್ಕೆ ಇಲ್ಲ.
ನಲವತ್ತೊಂದು ಮನೆಗೆ ಈ ಗುಳಿಗೆ ಹಂಚುತ್ತೇನೆ.
ನುಂಗಿದರೂ ಕೆಲವರ ಕಾಲು ಊದುತ್ತದೆ.
ನುಂಗದಿದ್ದರೂ ಕೆಲವರಿಗೆ ಏನೂ ಆಗುತ್ತಿರಲಿಲ್ಲ.
ನಡುವೆ ಎಲ್ಲೋ ನಾಲ್ಕೈದು ಜನ,
ಅಂಚಿಗೆ ಬಂದವರನ್ನು ಇದು ಅಂಗಿ ಹಿಡಿದು ಎಳೆದಿರುತ್ತದೆ.
ಯಾರೆಂದು ನನಗೆ ಗೊತ್ತಿಲ್ಲ, ವೈದ್ಯೆಗೂ ಇಲ್ಲ.
ಅವರಿಗೂ ಗೊತ್ತಾಗುವುದಿಲ್ಲ.
ಅವತ್ತೂ ಎದ್ದು ಕಾಫಿ ಕಾಯಿಸುತ್ತಾರೆ,
ಪುಡಿ ಮುಗಿದದ್ದಕ್ಕೆ ಯಾರನ್ನೋ ಬಯ್ಯುತ್ತಾರೆ.

ಜೂನ್, ಮಧ್ಯಾಹ್ನ. ಗೇಟು ತೆರೆದೇ ಇತ್ತು.
ಗೊನೆ ಇಳಿಸಿದ ಲಾರಿಯ ಹಲಗೆಯ ಮೇಲೆ
ಟೋಪಿ ಮುಖಕ್ಕೆ ಮುಚ್ಚಿ ಬೆಲರ್ಮೀನೊ ನಿದ್ದೆ ಹೋಗಿದ್ದ.
ಅಂಗಾತ.
ತಲೆಗೆ ದಿಂಬಿಲ್ಲದೆ.
ಸ್ವಲ್ಪ ಹೊತ್ತು ಅವನ ಹೊಟ್ಟೆ ಏರಿಳಿಯುವುದನ್ನು ನೋಡಿದೆ.
ಮುಂದಿನ ತಿಂಗಳಿನ ಪಟ್ಟಿಯನ್ನು ಗೇಟಿನ ಕಂಬದ ಮೇಲಿಟ್ಟು
ಗಾಳಿಗೆ ಹಾರದಂತೆ ಕಲ್ಲು ಹೇರಿದೆ.
ನಾಯಿ ಎದ್ದು ಬಂತು. ಬೊಗಳಲಿಲ್ಲ.
ಚಕ್ರದ ಕಡೆ ಹೊರಟಿತು.